ಅರವತ್ತಮೂರು ಮೆಟ್ಟಿಲಿನ ಅನಾಬಸಿಸ್

ಉಗ್ರಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಿಂದಿ ಅರಳು ಹುರಿದಂತೆ ಬರುತ್ತದೆ, ಗ್ರೀಕ್ ಭಾಷೆಯಲ್ಲಿ ಮಾತ್ರ ಒಂದೆರಡು ಪದ ಗೊತ್ತು. ಅವುಗಳಲ್ಲಿ ಒಂದನ್ನು ಹಿಡಿದುಕೊಂಡು ಅವರು ಮಾರೇನಹಳ್ಳಿಯ ನಿವಾಸಿಗಳ ಸಂಘಕ್ಕೆ ಒಂದಿಡೀ ತಿಂಗಳು ನೀರು ಕುಡಿಸಿದರು.

ಆ ಪದ ಅವರಿಗೆ ಸಿಕ್ಕಿದ್ದು ಸೈನ್ಯದಲ್ಲಿ. ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು ಅವರು. ಒಮ್ಮೆ ಅವರ ಕಂಪನಿ ಬಯಲಿನಿಂದ ಹೊರಟು ನಾಲ್ಕು ದಿನ ನಡೆದು ಹಿಮದ ಠಾಣೆಗೆ ಏರುತ್ತಿತ್ತು. ಬೆನ್ನಮೇಲೆ ಹೊರೆ, ಎದೆಯಲ್ಲಿ ಉಸಿರಿಲ್ಲ. ಎರಡನೆಯ ದಿನ ಎಲ್ಲರೂ ಬಂಡೆಗೊರಗಿ ಕೂತಿದ್ದಾಗ, ಚೀಲದಲ್ಲಿ ಸದಾ ಪುಸ್ತಕ ಇಟ್ಟುಕೊಳ್ಳುತ್ತಿದ್ದ ಕ್ಯಾಪ್ಟನ್ ಸಾಹೇಬರು ಹೇಳಿದರು: ನಾವು ಮಾಡುತ್ತಿರುವುದಕ್ಕೆ ಗ್ರೀಕರ ಹತ್ತಿರ ಒಂದು ಹೆಸರಿದೆ, ಅನಾಬಸಿಸ್. ಗ್ರೀಕರು ಕಡಲ ತೀರದ ಜನ. ಅವರ ದಂಡು ತೀರವನ್ನು ಬಿಟ್ಟು ಒಳನಾಡಿನತ್ತ ಏರಿ ಹೊರಟರೆ ಅದು ಅನಾಬಸಿಸ್. ಕುದುರೆ ಹತ್ತುವುದಕ್ಕೂ ಅದೇ ಪದ. ಆಮೇಲಿನ ಕಾಲದ ವೈದ್ಯರು ಜ್ವರ ಏರುವುದಕ್ಕೂ ಅದನ್ನೇ ಅಂದರು. ಇಂಗ್ಲಿಷಿನವರು ದಂಡಿನ ಯಾವ ದೊಡ್ಡ ನಡಿಗೆಗಾದರೂ ಅದನ್ನು ಬಳಸಿಕೊಂಡರು. ಮರಳಿ ಇಳಿಯುವುದಕ್ಕೆ ಬೇರೆ ಹೆಸರಿದೆ, ಕಟಾಬಸಿಸ್.

ನಡುವೆ ಕುಸಿದು ಕೂತವನಿಗೆ ಏನನ್ನುತ್ತಾರೆ ಎಂದು ಉಗ್ರಪ್ಪನವರು ಕೇಳಿದ್ದರು. ಸಾಹೇಬರು ನಕ್ಕು, ಅವನಿಗೆ ಹೆಸರಿಟ್ಟಿಲ್ಲ, ಅದಕ್ಕೇ ಅವನನ್ನು ಎಲ್ಲರಿಗಿಂತ ಮುಂದೆ ನಡೆಸಬೇಕು ಎಂದರು. ಬೆಟ್ಟ ಹತ್ತುವ ದಂಡಿನ ಕ್ರಮವೇ ಅದು. ಎಲ್ಲರಿಗಿಂತ ನಿಧಾನದವನು ಮೊದಲು, ಗಟ್ಟಿಗರು ಹಿಂದೆ. ಮುಂದಿನವನನ್ನು ಯಾರೂ ದಾಟಕೂಡದು. ದಾಟಿದರೆ ಸಾಲು ಹರಿಯುತ್ತದೆ, ಸಾಲು ಹರಿದರೆ ಯಾರೋ ಒಬ್ಬ ಹಿಮದಲ್ಲೇ ಉಳಿಯುತ್ತಾನೆ.

ನಿವೃತ್ತರಾಗಿ ಊರಿಗೆ ಬಂದ ಮೇಲೆ ಉಗ್ರಪ್ಪನವರ ಠಾಣೆ ಎಂದರೆ ಸಂಘದ ವಾಚನಾಲಯ. ನೆಲಮಹಡಿಯಲ್ಲಿ ಎರಡು ಉದ್ದನೆಯ ಮೇಜು, ಏಳು ಪತ್ರಿಕೆ, ಗೋಡೆಗೆ ಒಂದು ಕಪಾಟು. ಮೊದಲ ದಿನವೇ ಅವರು ದಪ್ಪ ನಿಘಂಟನ್ನು ಇಳಿಸಿಕೊಂಡು ಆ ಪದವನ್ನು ಹುಡುಕಿದ್ದರು. ಇತ್ತು. ಸಾಹೇಬರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಂದಿನಿಂದ ಹತ್ತು ಗಂಟೆಗೆ ಸರಿಯಾಗಿ ಅವರು ಅಲ್ಲಿ ಹಾಜರ್. ಮನೆಯಲ್ಲಿ ಸೊಸೆ ಕೀರ್ತನಾ ಅವರನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಹೊತ್ತಿಗೆ ಊಟ, ಹೊತ್ತಿಗೆ ಮಾತ್ರೆ. ಆದರೆ ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಾರೆ, ವಾಚನಾಲಯದಲ್ಲಿ ಅವರ ಜೊತೆ ಜಗಳ ಆಡುತ್ತಾರೆ. ಎಪ್ಪತ್ತನಾಲ್ಕರ ಗಂಡಸಿಗೆ ಎರಡನೆಯದೂ ಬೇಕು.

ಚಿಕ್ಕಲಕ್ಷ್ಮಮ್ಮನಿಗಂತೂ ಆ ಜಾಗ ಅದಕ್ಕಿಂತ ಹೆಚ್ಚು. ಹೂವು ಕಟ್ಟಿ ಮಾರುತ್ತಿದ್ದ ಆಕೆ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಅದೇ ಮೇಜಿನ ಮೇಲೆ, ಪತ್ರಿಕೆಯ ದಪ್ಪಕ್ಷರದ ಮೇಲೆ ಬೆರಳಿಟ್ಟು. ಈಗ ಸಂಪಾದಕೀಯವನ್ನೂ ಬಿಡುವುದಿಲ್ಲ. ಆಕೆಯ ಮನೆಗೆ ಪತ್ರಿಕೆ ಬರುವುದಿಲ್ಲ, ತರಿಸಿಕೊಡುವವರೂ ಇಲ್ಲ.

ಹೀಗಿರುವಾಗ ಸಂಘ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಎಬ್ಬಿಸಿತು. ನೆಲಮಹಡಿ ಮೊಬೈಲ್ ಶೋರೂಮಿಗೆ ಹೋಯಿತು, ವಾಚನಾಲಯ ಮೂರನೆಯ ಮಹಡಿಗೆ ಏರಿತು. ಲಿಫ್ಟಿಗೆಂದು ಗುಂಡಿ ತೋಡಿದ್ದರು, ಲಿಫ್ಟ್ ಬರಲಿಲ್ಲ. ಗುಂಡಿಯಲ್ಲಿ ಸಿಮೆಂಟಿನ ಖಾಲಿ ಚೀಲಗಳು ಬಿದ್ದಿದ್ದವು. ಅರವತ್ತಮೂರು ಮೆಟ್ಟಿಲು. ದಿನಕ್ಕೆ ಐವತ್ತು ಜನ ಸಹಿ ಹಾಕುತ್ತಿದ್ದ ಹಾಜರಿ ಪುಸ್ತಕದಲ್ಲಿ ನಾಲ್ಕು ಸಹಿ ಉಳಿದವು.

ಸಂಘದ ಕಾರ್ಯದರ್ಶಿ ಗಿರಿರಾಜ್ ಕೆಟ್ಟ ಮನುಷ್ಯನೇನಲ್ಲ. ಅವನ ಮಂಡಿಗೆ ಇನ್ನೂ ನಲವತ್ತೆರಡೇ ವರ್ಷ, ಅಷ್ಟೇ ಅವನ ದೋಷ. ಸಭೆಯಲ್ಲಿ ಅವನು ಹಾಜರಿ ಪುಸ್ತಕವನ್ನು ಬಿಚ್ಚಿ ತೋರಿಸಿ, ಈಗ ಯಾರೂ ಓದುವುದಿಲ್ಲ, ಎಲ್ಲವೂ ಫೋನಿನಲ್ಲಿದೆ, ಆ ಜಾಗವನ್ನು ಪಾರ್ಟಿ ಹಾಲ್ ಮಾಡೋಣ ಎಂದ. ಉಗ್ರಪ್ಪನವರು ಎದ್ದು ನಿಂತರು. ಬಾವಿಯನ್ನು ಅಟ್ಟದ ಮೇಲಿಟ್ಟು ಊರಿಗೆ ಬಾಯಾರಿಕೆಯೇ ಇಲ್ಲ ಅಂದರೆ ಏನರ್ಥ ಎಂದು ಕೇಳಿದರು. ಯಾರೋ ಕಿಸಕ್ಕನೆ ನಕ್ಕರು. ಗಿರಿರಾಜನ ಮುಖ ಕೆಂಪಾಯಿತು.

"ಸರಿ ಸಾರ್. ಇಪ್ಪತ್ತು ಜನ, ಒಂದು ತಿಂಗಳು, ದಿನಾ ಹತ್ತರಿಂದ ಹನ್ನೊಂದರೊಳಗೆ ಮೇಲೆ ಬಂದು ಸೈನ್ ಮಾಡಿ. ಒಂದು ದಿನಾನೂ ತಪ್ಪದ ಹಾಗೆ. ಆಮೇಲೆ ನೀವು ಹೇಳಿದ ಹಾಗೆ ಕೇಳ್ತೀನಿ."

"ಇದನ್ನ ನಡಾವಳಿ ಪುಸ್ತಕದಲ್ಲಿ ಬರೀರಿ," ಎಂದರು ಉಗ್ರಪ್ಪನವರು. ಬರೆಸಿಯೇ ಕೂತರು.

ಇಪ್ಪತ್ತು ಜನರನ್ನು ಕೂಡಿಸಲು ಮನೆಮನೆ ಅಲೆದರು. ಸಿಕ್ಕವರೆಲ್ಲ ಅರವತ್ತೈದು ದಾಟಿದವರು. ಒಬ್ಬರಿಗೆ ಆಸ್ತಮಾ, ಇನ್ನೊಬ್ಬರ ಎದೆಯಲ್ಲಿ ಸ್ಟೆಂಟ್. ಲೆಕ್ಕ ಸರಿಯಾಗಿ ಇಪ್ಪತ್ತಕ್ಕೆ ನಿಂತಿತು, ತಮ್ಮನ್ನೂ ಸೇರಿಸಿ. ಇಪ್ಪತ್ತೊಂದನೆಯವರು ಎಲ್ಲೂ ಸಿಗಲಿಲ್ಲ.

ಮೊದಲ ದಿನ ಉಗ್ರಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು ಬಂದರು. ಅನಾಬಸಿಸ್ ಎಂದರೇನೆಂದು ಮೆಟ್ಟಿಲ ಬುಡದಲ್ಲಿ ಭಾಷಣವನ್ನೇ ಬಿಗಿದರು. ಸೀಟಿ ಊದಿ, ನಾಯಕರಾದ್ದರಿಂದ ತಾವೇ ಮುಂದಾಗಿ, ಎದೆ ಸೆಟೆಸಿ ಹತ್ತಿದರು. ಎರಡನೆಯ ಮಹಡಿ ಮುಟ್ಟಿ ತಿರುಗಿ ನೋಡುತ್ತಾರೆ, ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಕೆಳಗೆ ಬಂದರೆ ಚಿಕ್ಕಲಕ್ಷ್ಮಮ್ಮ ಹದಿನೈದನೆಯ ಮೆಟ್ಟಿಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಉಳಿದವರು ಆಕೆಯ ಸುತ್ತ ಗೊಂದಲದಲ್ಲಿ ನಿಂತಿದ್ದರು.

"ಹವಾಲ್ದಾರ್ರೇ, ನೀವು ದಂಡು ತಗೊಂಡು ಹೋದ್ರೋ, ದಂಡು ಬಿಟ್ಟು ಹೋದ್ರೋ?" ಎಂದರು ಆಕೆ.

ಉಗ್ರಪ್ಪನವರಿಗೆ ನಾಚಿಕೆಯಾಯಿತು. ಪದವನ್ನು ನಲವತ್ತು ವರ್ಷ ಜೋಪಾನ ಮಾಡಿದ್ದರು, ಪದದ ಜೊತೆ ಕಲಿತ ಕ್ರಮವನ್ನು ಮೊದಲ ದಿನವೇ ಮರೆತಿದ್ದರು. ಮುಂದೆ ನಡೆಯುವ ಆಸೆ ಅಂಥದ್ದು. ಸೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಚಿಕ್ಕಲಕ್ಷ್ಮಮ್ಮನನ್ನು ಮುಂದೆ ನಿಲ್ಲಿಸಿ, ಆಸ್ತಮಾದವರನ್ನು ಅವರ ಹಿಂದೆ, ತಾವು ಕಟ್ಟಕಡೆಗೆ. ಇಪ್ಪತ್ತೊಂದು ಮೆಟ್ಟಿಲಿಗೊಂದು ಠಿಕಾಣಿ, ಅಲ್ಲಿ ಎಲ್ಲರಿಗೂ ಐದು ನಿಮಿಷ ವಿಶ್ರಾಂತಿ. ಆ ದಿನ ಕೊನೆಯ ಸಹಿ ಬಿದ್ದಾಗ ಹನ್ನೊಂದಕ್ಕೆ ಎರಡು ನಿಮಿಷ ಇತ್ತು.

ಆಮೇಲೆ ದಿನಾ ಹಾಗೆಯೇ. ಮೊದಲನೆಯ ಠಿಕಾಣಿಯಲ್ಲಿ ಯಾರೋ ಸ್ಟೂಲು ತಂದಿಟ್ಟರು, ಎರಡನೆಯದರಲ್ಲಿ ನೀರಿನ ಕೊಡ ಬಂತು. ಚಿಕ್ಕಲಕ್ಷ್ಮಮ್ಮ ದಂಡಿನ ಮುಂದಾಳಾಗಿ ಮೆರೆದರು; ಅವಸರ ಮಾಡಿದವರನ್ನು ಹಿಂತಿರುಗಿ ನೋಡಿಯೇ ಸುಮ್ಮನಾಗಿಸುತ್ತಿದ್ದರು. ಶೋರೂಮಿನ ಹುಡುಗಿಯರು ಬಾಗಿಲಿಗೆ ಬಂದು ನೋಡುತ್ತಿದ್ದರು. ಗಿರಿರಾಜ್ ಮೇಲೆ ಗಡಿಯಾರದ ಕೆಳಗೆ ಕೂತು ಸಹಿ ಎಣಿಸುತ್ತಿದ್ದ.

ಮೆಟ್ಟಿಲು ಮಾತ್ರ ತನ್ನ ಸುಂಕವನ್ನು ಬಿಡಲಿಲ್ಲ. ಇಪ್ಪತ್ತನೆಯ ದಿನದಿಂದ ಉಗ್ರಪ್ಪನವರ ಬಲಮಂಡಿ ಊದತೊಡಗಿತು. ಯಾರಿಗೂ ಹೇಳಲಿಲ್ಲ. ಕಡೆಯ ದಿನ ಬೆಳಿಗ್ಗೆ ಅದು ಕುಂಬಳಕಾಯಿಯ ಹಾಗೆ ಊದಿತ್ತು. ಕೀರ್ತನಾ ಚಪ್ಪಲಿಯನ್ನು ಬಚ್ಚಿಟ್ಟಳು, ಗದರಿದಳು, ಕೊನೆಗೆ ಅತ್ತಳು. ಇಷ್ಟು ದಿನ ಹತ್ತಿದ್ದು ಸಾಲದೇ, ಮಹಡಿ ಮೇಲಿನ ನಾಲ್ಕು ಪೇಪರಿಗೆ ಕಾಲು ಕಳೆದುಕೊಳ್ಳಬೇಕೇ ಎಂದು ಕೇಳಿದಳು. ಅವರು ಅವಳ ತಲೆ ಸವರಿ, ಮಗನ ಚಪ್ಪಲಿ ಮೆಟ್ಟಿಕೊಂಡು, ಆಟೋ ಹತ್ತಿ ಹೊರಟೇಬಿಟ್ಟರು.

ಮೆಟ್ಟಿಲ ಬುಡದಲ್ಲಿ ಅವರನ್ನು ನೋಡಿ ಎಲ್ಲರ ಮುಖ ಬಾಡಿತು. ಸುದ್ದಿ ಮೇಲಕ್ಕೂ ಮುಟ್ಟಿ, ಗಿರಿರಾಜ್ ಹಾಜರಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದ. ಒಂದು ತಿಂಗಳು ನೋಡಿ ನೋಡಿ ಅವನ ಮನಸ್ಸೂ ಮೆತ್ತಗಾಗಿತ್ತು.

"ಇಲ್ಲೇ ಸೈನ್ ಮಾಡಿ ಸಾರ್. ನಾನು ಲೆಕ್ಕಕ್ಕೆ ತಗೋತೀನಿ."

ಪೆನ್ನು ಕೈಗೇ ಬಂದಿತ್ತು. ಉಗ್ರಪ್ಪನವರು ಅದನ್ನು ಒಂದು ಕ್ಷಣ ನೋಡಿದರು. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಕೆಳಗೆ ಹಾಕಿದ ಸಹಿ ಗಿರಿರಾಜನ ದಯೆಯಾಗುತ್ತಿತ್ತು. ದಯೆಯನ್ನು ನಾಳೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಪೆನ್ನನ್ನು ಮರಳಿ ಅವನ ಜೇಬಿಗೇ ಸಿಕ್ಕಿಸಿ, ಪುಸ್ತಕ ಮೇಲೆ ಇರಲಿ, ನಾವು ಬರುತ್ತೇವೆ ಎಂದರು. ಅಭ್ಯಾಸದಂತೆ ಸಾಲಿನ ಕೊನೆಗೆ ಹೋಗಿ ನಿಂತರು.

ಚಿಕ್ಕಲಕ್ಷ್ಮಮ್ಮ ಕದಲಲಿಲ್ಲ. ಸೆರಗು ಬಿಗಿದುಕೊಂಡು ಹಿಂದೆ ಬಂದು ಅವರ ಎದುರು ನಿಂತರು.

"ನಿಧಾನದವರು ಮುಂದೆ ಅಂದೋರು ನೀವೇ ಅಲ್ವಾ? ಹೋಗಿ, ಮುಂದೆ ನಿಂತ್ಕೊಳಿ."

ಮೊದಲ ದಿನ ಎದೆ ಸೆಟೆಸಿ ನಿಂತಿದ್ದ ಜಾಗದಲ್ಲೇ ಉಗ್ರಪ್ಪನವರು ಈಗ ಕಂಬಿ ಹಿಡಿದು ನಿಂತರು. ಒಂದು ಮೆಟ್ಟಿಲಿಗೆ ಎರಡೂ ಪಾದ. ಬೆವರು ಕಣ್ಣಿಗೆ ಇಳಿಯಿತು, ಹಲ್ಲು ಕಚ್ಚಿದರು. ಮೊದಲ ಠಿಕಾಣಿಯಲ್ಲೇ ಹತ್ತೂ ಇಪ್ಪತ್ತೈದು. ಎರಡನೆಯದರಲ್ಲಿ ಹತ್ತೂ ನಲವತ್ತೈದು. ಅಲ್ಲಿ ಅವರು ಕೂರಲಿಲ್ಲ, ಕೂತರೆ ಏಳಲಾಗದೆಂದು ಗೊತ್ತಿತ್ತು. ಹಿಂದಿನ ಹತ್ತೊಂಬತ್ತು ಜನರಲ್ಲಿ ಹೆಚ್ಚಿನವರು ಓಡಿ ಹೋಗಿ ಸಹಿ ಹಾಕಿ ಬರುವಷ್ಟು ಗಟ್ಟಿಯಾಗಿದ್ದರು ಈಗ. ಒಬ್ಬರೂ ಅವರನ್ನು ದಾಟಲಿಲ್ಲ. ಒಬ್ಬರೂ ಬೇಗ ಬೇಗ ಎನ್ನಲಿಲ್ಲ. ಹತ್ತೊಂಬತ್ತು ಜೊತೆ ಕಾಲು ಅವರ ಒಂದು ಮಂಡಿಗಾಗಿ ಕಾದು ಕಾದು ಏರಿದವು. ಬೆನ್ನ ಹಿಂದಿನ ಆ ಉಸಿರುಗಳನ್ನು ಕೇಳುತ್ತ ಅವರಿಗೆ ಅಳು ಬಂತು, ನೋವಿನಿಂದಲ್ಲ.

ಉಗ್ರಪ್ಪನವರ ಸಹಿ ಬಿದ್ದಾಗ ಹತ್ತೂ ಐವತ್ತೇಳು. ಉಳಿದವರು ಒಬ್ಬರ ಹಿಂದೊಬ್ಬರು ಬಾಗಿ ಗೀಚಿದರು. ಚಿಕ್ಕಲಕ್ಷ್ಮಮ್ಮ ಮಾತ್ರ ಎಂದಿನಂತೆ ತಮ್ಮ ಪೂರ್ತಿ ಹೆಸರನ್ನು ಒತ್ತಕ್ಷರ ಬಿಡದೆ ಬರೆದು ಮುಗಿಸಿದರು. ಗಡಿಯಾರದ ಮುಳ್ಳು ಇನ್ನೂ ಹನ್ನೊಂದನ್ನು ಮುಟ್ಟಿರಲಿಲ್ಲ.

ಗಿರಿರಾಜ್ ಎದ್ದು ನಿಂತು ಕೈ ಮುಗಿದ. ಸೋತೆ ಸಾರ್, ವಾಚನಾಲಯವನ್ನು ಮುಚ್ಚುವುದಿಲ್ಲ, ಇಲ್ಲೇ ಇರುತ್ತದೆ ಎಂದ. ಕೆಲವರು ಚಪ್ಪಾಳೆ ತಟ್ಟಲು ಕೈ ಎತ್ತಿದರು. ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ ಉಗ್ರಪ್ಪನವರು ತಡೆದರು.

"ಇಲ್ಲೇ ಇರಲಿ ಅಂತ ಯಾರು ಕೇಳಿದ್ರು? ನಾವು ಹೇಳಿದ ಹಾಗೆ ಕೇಳ್ತೀನಿ ಅಂತ ಬರೆದಿದೀರಿ, ನಡಾವಳಿ ತೆಗೀರಿ. ಹತ್ತೋದು ನಮ್ಮ ಕೆಲಸ, ಹತ್ತಿದ್ವಿ. ಇದನ್ನ ಕೆಳಗೆ ಇಳಿಸೋದು ನಿಮ್ಮ ಕೆಲಸ."

ಶೋರೂಮಿನ ಕರಾರಿದೆ, ಅಷ್ಟು ಸುಲಭವಲ್ಲ, ಸಮಯ ಬೇಕಾಗುತ್ತದೆ ಎಂದು ಗಿರಿರಾಜ್ ತೊದಲಿದ.

"ತಗೊಳಿ," ಎಂದರು ಉಗ್ರಪ್ಪನವರು. "ಇಳಿಸೋವರೆಗೂ ನಾಳೆ ಹತ್ತಕ್ಕೆ ಬರ್ತೀವಿ. ನಾಡಿದ್ದೂ ಬರ್ತೀವಿ. ನಾನೇ ಮುಂದೆ ಇರ್ತೀನಿ, ಈಗ ನನಗಿಂತ ನಿಧಾನ ಯಾರೂ ಇಲ್ಲ."

ಚಿಕ್ಕಲಕ್ಷ್ಮಮ್ಮ ಆಗಲೇ ಪತ್ರಿಕೆಯನ್ನು ಬಿಡಿಸಿ ಬೆರಳಿಟ್ಟಿದ್ದರು.