ಹದಿನೇಳನೇ ಹೆಜ್ಜೆ

ನಮ್ಮ ಕಚೇರಿಯ ಟೈಪಿಸ್ಟರ ಬಲಗಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ನೀಲಿ. ತಾಳ್ಯದ ಕಡೆಯ ಕುರಿ ಸಾಕುವ ಮನೆತನದವರು. ಹೊಸದುರ್ಗದ ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ, ಹಳೆಯ ಟೈಪ್‌ರೈಟರಿಗೆ ಕೈಮುಗಿದು ಎದ್ದು ಬಂದು ಹೊಸ ಯಂತ್ರದ ಮುಂದೆ ಕುಳಿತರು. ಚಪ್ಪಲಿ ಹೊರಗೇ ಬಿಡುತ್ತಿದ್ದರು. ಸಾಹೇಬರ ಕೋಣೆಗೂ ಆ ಗೌರವ ಸಿಕ್ಕಿರಲಿಲ್ಲ.

ಊರೂರಿನ ಮಳೆಯ ಲೆಕ್ಕ ಕೂಡಿಸುವ ಪ್ರೋಗ್ರಾಂ ಬರೆದ ಮಹಾನುಭಾವ ನಾನು. ಅಂಕಿ ಟೈಪು ಮಾಡುವವರು ಅವರು. ಕೆಲವು ದಿನ ಮೊತ್ತ ತಪ್ಪಿ ಬರತೊಡಗಿತು. ಸಾಹೇಬರು ಕಾರಣ ಕೇಳಿದರು. ಪ್ರೋಗ್ರಾಮನ್ನು ಒಮ್ಮೆಯೂ ತೆರೆದು ನೋಡದೆ, ಬಹಳ ಗಾಂಭೀರ್ಯದಿಂದ, ‘ಟೈಪಿಸ್ಟರ ಅಜಾಗರೂಕತೆ’ ಎಂದು ಬರೆದುಕೊಟ್ಟೆ. ನಿವೃತ್ತಿಗೆ ಎರಡು ವರ್ಷವಿದ್ದ ಅವರನ್ನು ಟಪಾಲು ಮೇಜಿಗೆ ಹಾಕಿದರು.

ವಾರದ ಮೇಲೆ ಒಂದು ಕಟ್ಟು ಕಾಗದ ತಂದು ನನ್ನ ಮುಂದಿಟ್ಟರು. ಪ್ರೋಗ್ರಾಂ ಓಡುವಾಗ ಯಾವ ಯಾವ ಹೆಜ್ಜೆ ನಡೆಯಿತೆಂದು ಯಂತ್ರವೇ ಮುದ್ರಿಸುತ್ತಿದ್ದ ಹಾಳೆಗಳು. ಅವನ್ನು ನಾನು ರದ್ದಿ ಎಂದುಕೊಂಡಿದ್ದೆ. ಮೊತ್ತ ಸರಿ ಬಂದ ದಿನದ ಹಾಳೆಗೆ ನೀಲಿ, ತಪ್ಪಿದ ದಿನದ್ದಕ್ಕೆ ಕೆಂಪು ಗುರುತು ಹಾಕಿ ಜೋಡಿಸಿದ್ದರು.

“ಇದೇನ್ ಯಜಮಾನ್ರೇ, ಟಪಾಲಾ?” ಎಂದೆ.

“ಸಾರ್, ಕುರಿ ಹೊಟ್ಟೆ ಉಬ್ಬರ್ಸಿ ಬಿದ್ರೆ ನಮ್ಮಪ್ಪ ಬಿದ್ದ ಕುರೀನಷ್ಟೇ ನೋಡ್ತಿರ್ಲಿಲ್ಲ. ಬಿದ್ದವು ಎಲ್ಲಿ ಮೇದ್ವು, ನೆಟ್ಟಗಿರೋವು ಎಲ್ಲಿ ಮೇಯ್ಲಿಲ್ಲ, ಎರಡೂ ನೋಡೋರು. ನೋಡ್ರಿ, ಕೆಂಪಿನಾಗೆಲ್ಲಾ ಹದಿನೇಳನೇ ಹೆಜ್ಜೆ ಐತೆ. ನೀಲಿಯಾಗೆ ಒಂದ್ರಾಗೂ ಇಲ್ಲ.”

ಒಣ ದಿನದ ಮರುದಿನ ಒಂದು ಊರಲ್ಲಿ ಮಳೆ ಬಿದ್ದರೆ ಮಾತ್ರ ನಡೆಯಲೆಂದು ನಾನು ವಿಶೇಷ ಕಾಳಜಿಯಿಂದ ಬರೆದ ಹೆಜ್ಜೆ ಅದು. ಆ ಊರಿನ ಮಳೆಯನ್ನು ಎರಡು ಸಲ ಕೂಡಿಸುತ್ತಿತ್ತು. ಬರದ ಸೀಮೆಗೆ ನನ್ನ ಅಲ್ಪ ಸೇವೆ.

ಬಾಗಿಲು ಹಾಕಿಕೊಂಡು ಪ್ರೋಗ್ರಾಂ ತಿದ್ದಿದೆ. ಸಾಹೇಬರಿಗೆ ಬರೆದುಕೊಟ್ಟ ಕಾಗದವನ್ನು ತಿದ್ದಲಿಲ್ಲ. “ಸಾಹೇಬ್ರಿಗೆ ಹೇಳ್ತೀನಿ” ಎಂದಾಗ ಅವರು, “ಹೇಳ್ರಿ ಸಾರ್, ಪುರುಸೊತ್ತಾದಾಗ” ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೋದರು. ಆ ಎರಡು ವರ್ಷದಲ್ಲಿ ನನಗೆ ಪುರುಸೊತ್ತಾಗಲಿಲ್ಲ.

ಅವರು ತೀರಿಕೊಂಡ ಸುದ್ದಿ ಕೇಳಿ ಅವರ ಊರಿಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ, ನೀರು ಕೊಟ್ಟು ಕೇಳಿದರು: “ಕಂಪ್ಯೂಟ್ರು ಇವ್ರಿಗೆ ಬರ್ತಿರ್ಲಿಲ್ಲಂತೆ, ಹೌದೇನಪ್ಪ?”

“ಇಲ್ಲಮ್ಮ, ಚೆನ್ನಾಗಿ ಬರ್ತಿತ್ತು” ಎಂದೆ. ಬಾರದಿದ್ದವನು ಯಾರೆಂದು ಹೇಳಲಿಲ್ಲ. ಈಗ ಇಲ್ಲಿ ಬರೆದಿದ್ದೇನೆ. ಆಕೆಗೆ ಓದಲು ಬರುವುದಿಲ್ಲವೆಂಬುದು ನನಗೆ ಗೊತ್ತು.