ಸತ್ಯವೇದದಲ್ಲಿಲ್ಲದ ಮೀನು

ಮೀನು ಸ್ವಚ್ಛ ಮಾಡುವಾಗ ಪಿತ್ತದ ಚೀಲ ಒಡೆದರೆ ಇಡೀ ಸಾರು ಕಹಿಯಾಗುತ್ತದೆ ಎಂದು ನನಗೆ ಕಲಿಸಿದವಳು ಅಜ್ಜಿ. ಇವತ್ತು ಶನಿವಾರ. ಬೆಳಿಗ್ಗೆ ಆ ಹಸಿರು ಚೀಲ ಬೆರಳಿಗೆ ಸಿಕ್ಕ ಕೂಡಲೇ ಕೈ ತಾನಾಗಿ ನಿಂತಿತು. ಯಾಕೆ ಅಂತೀರಾ? ಹೋದ ಭಾನುವಾರ ಸಂಡೇ ಸ್ಕೂಲಿನ ಮಕ್ಕಳಿಗೆ ಒಂದು ಮೀನಿನ ಕಥೆ ಶುರು ಮಾಡಿದ್ದೆ. ನಮ್ಮ ಪಾಸ್ಟರು ಬಂದು, “ಅದು ಸತ್ಯವೇದದಾಗೆ ಇಲ್ಲಮ್ಮ, ಬಿಟ್ಟುಬಿಡ್ರಿ” ಎಂದರು. ಮೆಲ್ಲಗೆ ಹೇಳಿದರು ಪಾಪ, ಆದರೂ ನನಗೆ ಮೈ ಉರಿಯಿತು.

ಆ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಎಂಬತ್ತರ ಇಸವಿಯ ಆಸುಪಾಸಿನಲ್ಲಿ ಹೊನ್ನಾಳಿಯ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮೊದಲು ಪ್ರಾರ್ಥನೆ. ತಾತ ನಮ್ಮ ಪ್ರಾಟೆಸ್ಟೆಂಟ್ ಸಭೆಯ ಹಿರಿಯರು, ನ್ಯಾಮತಿಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ದೇವರಿಗೂ ತಪ್ಪು ತಿದ್ದಿಕೊಡುವ ಪೈಕಿ. ಅಜ್ಜಿಯದು ಶಿವಮೊಗ್ಗದ ಕಡೆಯ ಕ್ಯಾಥೊಲಿಕ್ ತವರು. ಮದುವೆಯಾದ ಮೇಲೆ ಜಪಮಾಲೆ ಬಿಟ್ಟಳು, ಶಿಲುಬೆಯ ಗುರುತು ಬಿಟ್ಟಳು. ಒಂದು ಕಥೆ ಮಾತ್ರ ಬಿಡಲಿಲ್ಲ.

ಅದು ಯೆಹೂದ್ಯರ ಬಹಳ ಹಳೆಯ ಕಥೆ. ಅಜ್ಜಿಯ ತವರಿನವರು ಅದನ್ನು ಸತ್ಯವೇದದೊಳಗೆ, ಅಂದರೆ ಬೈಬಲಿನೊಳಗೆ, ಇಟ್ಟುಕೊಂಡಿದ್ದರು, ತಾತನವರು ಹೊರಗಿಟ್ಟಿದ್ದರು. ಕಣ್ಣು ಹೋದ ಅಪ್ಪ, ದೂರದೂರಿಗೆ ಹೊರಟ ಮಗ, ಜೊತೆಗೆ ಮನುಷ್ಯವೇಷದ ದೇವದೂತ, ಹಿಂದೆ ಒಂದು ನಾಯಿ. ಹೊಳೆಯಲ್ಲಿ ಹಿಡಿದ ಮೀನಿನ ಪಿತ್ತವನ್ನು ಮಗ ತಂದು ಸವರಿದರೆ ಅಪ್ಪನ ಕಣ್ಣಿನ ಪೊರೆ ಕಳಚುತ್ತದೆ. ನಮ್ಮ ಬೀದಿಯಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುತ್ತಿದ್ದರು. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಪ್ರಾರ್ಥನೆ ಮುಗಿದ ಮೇಲೆ ಅಜ್ಜಿ ಅದೇ ಧಾಟಿ ಹಿಡಿದು ಎರಡನ್ನೂ ತಾನೇ ಮಾಡುತ್ತಿದ್ದಳು. ಹೊಳೆ ಅಂದರೆ ಅವಳಿಗೆ ನಮ್ಮ ತುಂಗಭದ್ರೆಯೇ.

“ಸತ್ಯವೇದದಾಗೆ ಇಲ್ಲದ್ದು ಈ ಮನ್ಯಾಗೆ ಬ್ಯಾಡ” ಎನ್ನುತ್ತಿದ್ದರು ತಾತ.

“ನಿಮ್ಮ ಪುಸ್ತಕದಾಗೆ ಇಲ್ಲ. ನಮ್ಮವ್ವನ ಬಾಯಾಗೆ ಇತ್ತು, ನನ್ನ ಬಾಯಾಗೆ ಐತೆ” ಎಂದು ಅಜ್ಜಿ ಮುಂದುವರಿಸುತ್ತಿದ್ದಳು.

ಆ ಹೊತ್ತಿಗೆ ತಾತನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸತ್ಯವೇದ ತೊಡೆಯ ಮೇಲಿಟ್ಟುಕೊಂಡು, ಬಾಯಿಪಾಠ ಇದ್ದಷ್ಟನ್ನು ಓದಿದಂತೆ ನಟಿಸುತ್ತಿದ್ದರು. ಊರಿಗೆ ಕಣ್ಣಿನ ಕ್ಯಾಂಪು ಬರುವುದಿತ್ತು. ಅಜ್ಜಿ ಹಟ ಹಿಡಿದಳು, ತಾತ ಜಗ್ಗಲಿಲ್ಲ. ಕಣ್ಣಿಗೆ ಚಾಕು ಎಂದರೆ ಆ ಗಟ್ಟಿ ಗಂಡಸಿಗೆ ಜೀವಭಯ.

ಒಂದು ಮಧ್ಯಾಹ್ನ ಹಿತ್ತಿಲಿನಿಂದ ತಾತನ ಕೂಗು. ಓಡಿಹೋಗಿ ನೋಡಿದರೆ ಬಲಗಣ್ಣು ಕೆಂಡವಾಗಿದೆ, ಕೆನ್ನೆಯ ಮೇಲೆ ಹಸಿರು ಇಳಿದಿದೆ. ಮೀನು ಸ್ವಚ್ಛ ಮಾಡುತ್ತ ಅಜ್ಜಿ ತೆಗೆದಿಟ್ಟಿದ್ದ ಪಿತ್ತವನ್ನು ನಮ್ಮ ಸಭಾಹಿರಿಯರು ಕದ್ದು ಕಣ್ಣಿಗೆ ಸವರಿಕೊಂಡಿದ್ದರು!

ಅಜ್ಜಿ ತಂಬಿಗೆಗಟ್ಟಲೆ ನೀರು ಹೊಯ್ದು ಕಣ್ಣು ತೊಳೆದಳು. ನಗಲಿಲ್ಲ, ಅತ್ತಳು. “ನಾನೇನು ಔಷಧ ಹೇಳಿದ್ನಾ? ಮನೆ ಮಂದಿ ಕೈ ಬಿಡಬಾರ್ದು ಅಂತ ಹೇಳಾಕೆ ಆ ಕಥೆ ಹೇಳಿದ್ದು. ಇಲ್ಲದ ಕಥೆ ನಂಬ್ತೀರಿ, ಇರೋ ಡಾಕ್ಟ್ರನ್ನ ನಂಬಾಕೆ ಆಗಲ್ವಾ? ಕಣ್ಣು ಉಳಿದ್ರೆ ಕ್ಯಾಂಪಿಗೆ ಬರ್ತೀರಿ. ನಾ ಕೈ ಹಿಡ್ಕಂಡಿರ್ತೀನಿ.”

ಕಣ್ಣೇನೋ ಉಳಿಯಿತು. ತಾತ ಕ್ಯಾಂಪಿಗೆ ಅಜ್ಜಿಯ ಕೈ ಹಿಡಿದೇ ಹೋದರು, ಪೊರೆ ತೆಗೆಸಿಕೊಂಡರು.

ಕನ್ನಡಕ ಬಂದ ರಾತ್ರಿ ತಾತ ನಿಜವಾಗಿ ಓದಿದರು, ಬೆರಳಿಟ್ಟು, ನಿಧಾನವಾಗಿ. ಓದು ಮುಗಿಸಿ ಸತ್ಯವೇದ ಮುಚ್ಚಿ, “ಹೂಂ, ನಿನ್ನದೂ ಆಗ್ಲಿ” ಎಂದರು. ಅಜ್ಜಿಗೆ ಸಂತೋಷಕ್ಕೆ ತಡವರಿಕೆಯೇ ಬಂತು. ಅಪ್ಪ, ಮಗ, ದೇವದೂತ ಎಂದು ಅವಸರವಸರವಾಗಿ ಹೊಳೆಯ ತನಕ ಬಂದಳು.

“ತಡಿ ತಡಿ, ನಾಯಿ ಎಲ್ಲಿ ಹೋತು?” ಎಂದರು ತಾತ.

ಬೇಡ ಬೇಡ ಎನ್ನುತ್ತಲೇ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಪಿತ್ತವನ್ನು ಒಡೆಯದಂತೆ ತೆಗೆದು ದೂರ ಎಸೆದೆ, ಸಾರು ಕುದಿಯುತ್ತಿದೆ. ನಾಳೆ ನಾನು ಆ ಕಥೆ ಹೇಳುವುದೇ ಸೈ. ಇದು ನಮ್ಮ ಸತ್ಯವೇದದ ಹೊರಗಿನದು ಎಂದು ಮಕ್ಕಳಿಗೆ ಮೊದಲೇ ತಿಳಿಸುತ್ತೇನೆ, ಮೀನಿನ ಪಿತ್ತ ಕಣ್ಣಿಗೆ ಹಾಕಬಾರದು ಎಂದೂ ಹೇಳುತ್ತೇನೆ. ಪಾಸ್ಟರು ಬಂದರೆ ಅವರಿಗೂ ಒಂದು ಕುರ್ಚಿ ಹಾಕುತ್ತೇನೆ. ನಾಯಿಯನ್ನಂತೂ ಬಿಡುವುದಿಲ್ಲ.