ವೇಣಣ್ಣನ ಮೇಲೆ ನಾನು ಬರೆದ ಪತ್ರ

ವೇಣುಗೋಪಾಲ ಅವರು ಲಂಡನ್ನಿನ ಸ್ಥಳೀಯ ಕೌನ್ಸಿಲ್ ಕೆಲಸದಿಂದ ನಿವೃತ್ತರಾದ ವರ್ಷ, ಎಂದರೆ 2005ರಲ್ಲಿ, ನಮ್ಮ ಕನ್ನಡ ಸಂಘದವರು ಅವರಿಗೊಂದು ಸನ್ಮಾನ ಇಟ್ಟುಕೊಂಡರು. ಪರಿಚಯ ಭಾಷಣ ನನ್ನ ಪಾಲಿಗೆ ಬಂತು. "ಉಮಾನಾಥ್, ನೀವಿಬ್ರೂ ಉಡುಪಿ ಕಡೆಯವರು. ಅವರ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು ಸಂಘದ ಕಾರ್ಯದರ್ಶಿ, ಮೈಸೂರಿನ ಡಾಕ್ಟರ್ ಇಂದು ಅವರು. ಒಪ್ಪಿಕೊಂಡೆ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತಿತ್ತು.

ವೇಣಣ್ಣ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಅಧಿಕಾರಿ. ನಾನು ಹೋಟೆಲು ನಡೆಸುವವನು, ಅದೂ ದಕ್ಷಿಣ ಲಂಡನ್ನಿನಲ್ಲಿ, ಅವರ ವ್ಯಾಪ್ತಿಯಲ್ಲೇ. 1994ರ ನವೆಂಬರಿನ ಒಂದು ಬೆಳಿಗ್ಗೆ ಅವರು ಮುನ್ಸೂಚನೆ ಇಲ್ಲದೆ ಬಂದರು. ಬಿಳಿ ಕೋಟು ಹಾಕಿಕೊಂಡು, ಟಾರ್ಚು ಹಿಡಿದು, ನೆಲದ ಮೇಲೆ ಬೋರಲು ಮಲಗಿ ಗ್ರೈಂಡರಿನ ಅಡಿಯನ್ನೂ ನೋಡಿದರು. ಅಕ್ಕಿ ಮೂಟೆಗಳ ಹಿಂದೆ ಇಲಿ ಹಿಕ್ಕೆ ಸಿಕ್ಕಿತು.

"ವೇಣಣ್ಣ, ಇವತ್ತೇ ಕ್ಲೀನ್ ಮಾಡಿಸ್ತೇನೆ. ಇದೊಂದು ಸಲ ಬಿಡಿ. ನಾಡಿದ್ದು ಮದುವೆ ಪಾರ್ಟಿ ಉಂಟು."

"ಮದುವೆಗೆ ಬರುವವರು ಮನುಷ್ಯರಲ್ವಾ? ಇಲಿ ಇದ್ದಲ್ಲಿ ಅಡುಗೆ ಮಾಡ್ಲಿಕ್ಕೆ ನಾನು ಬಿಡ್ಲಿಕ್ಕಾಗುದಿಲ್ಲ."

ಬಾಗಿಲಿಗೆ ನೋಟೀಸು ಬಿತ್ತು. ಒಂಬತ್ತು ದಿನ ಹೋಟೆಲು ಮುಚ್ಚಿತ್ತು. ದಿನಾ ಬರುತ್ತಿದ್ದ ಗಿರಾಕಿಗಳು ನೋಟೀಸಿನ ಮುಂದೆ ನಿಂತು ಓದಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಗುತ್ತಿದ್ದರು. ಊರಿನವನೆಂಬ ದಾಕ್ಷಿಣ್ಯವೂ ಇಲ್ಲವಲ್ಲ ಎಂದು ನನಗೆ ತಲೆ ಕೆಟ್ಟಿತು. ಹೆಸರು ಹಾಕದೆ ಕೌನ್ಸಿಲ್ಲಿಗೆ ಒಂದು ಪತ್ರ ಟೈಪ್ ಮಾಡಿದೆ.

ಪತ್ರಕ್ಕೆ ಬೇಕಾದ ವಿಷಯ ನನ್ನ ಹತ್ತಿರ ಇತ್ತು. ಲಂಡನ್ನಿನ ಇನ್ನೊಂದು ತುದಿಯ ಪಾರ್ಕ್ ರಾಯಲ್‌ನಲ್ಲಿ ಉಪ್ಪಿನಕಾಯಿ ತಯಾರಿಸುವ ಗೋಪೀನಾಥ ವೇಣಣ್ಣನ ಜೀವದ ಗೆಳೆಯ. ಅವನ ಮಗಳ ನಾಮಕರಣದ ಊಟ ಒಂದು ಹೋಟೆಲಿನಿಂದ ಬಂದಿತ್ತು. ಉಂಡಾದ ಮೇಲೆ ಅದು ತನ್ನ ವ್ಯಾಪ್ತಿಯ ಹೋಟೆಲೆಂದು ತಿಳಿದು, ವೇಣಣ್ಣ ಗೆಳೆಯನನ್ನು ಬದಿಗೆ ಕರೆದು "ಇನ್ನು ಹೀಗೆ ಮಾಡ್ಬೇಡ" ಎಂದಿದ್ದರಂತೆ. ಗೋಪೀನಾಥ ಇದನ್ನು ಗೆಳೆಯನ ಮೇಲಿನ ಹೆಮ್ಮೆಯಿಂದಲೇ ನನಗೆ ಹೇಳಿದ್ದ. ನಾನು ತಿರುಚಿದೆ. ಈ ಅಧಿಕಾರಿ ಹೋಟೆಲುಗಳಿಂದ ಪುಕ್ಕಟೆ ಊಟ ತರಿಸಿಕೊಳ್ಳುತ್ತಾರೆ ಎಂದು ತಾರೀಖು ಸಮೇತ ಬರೆದೆ.

ಏಳು ತಿಂಗಳು ವಿಚಾರಣೆ ನಡೆಯಿತು. ಅಷ್ಟು ದಿನವೂ ಅವರನ್ನು ತಪಾಸಣೆಯಿಂದ ತೆಗೆದು ಹಳೆ ಕಡತಗಳ ಕೋಣೆಯಲ್ಲಿ ಕೂರಿಸಿದ್ದರು. ಕೊನೆಗೆ ಏನೂ ಸಿಗದೆ ಮತ್ತೆ ಕೆಲಸಕ್ಕೆ ಕಳಿಸಿದರು. ನನ್ನ ಹೋಟೆಲಿಗೂ ಬಂದರು. ಎಲ್ಲ ನೋಡಿ, "ಈಗ ಚೆನ್ನಾಗುಂಟು" ಎಂದು ಬರೆದುಕೊಂಡು ಹೋದರು. ಅವತ್ತೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ಸನ್ಮಾನದ ಹಿಂದಿನ ಭಾನುವಾರ, ಭಾಷಣಕ್ಕೆ ಮಾಹಿತಿ ಕೇಳಲು ಕ್ರೋಯ್ಡನ್‌ನಲ್ಲಿದ್ದ ಅವರ ಫ್ಲಾಟಿಗೆ ಹೋದೆ. ವೇಣಣ್ಣನಿಗೆ ತನ್ನ ಬಗ್ಗೆ ಹೇಳಿಕೊಳ್ಳಲು ಬರುವುದಿಲ್ಲ. ಹೆಂಡತಿ ಕೃಷ್ಣವೇಣಿ ಚಹಾ ಕೊಟ್ಟು ತಾವೇ ಹೇಳತೊಡಗಿದರು. ಲಂಡನ್ನಿಗೆ ಬಂದ ಹೊಸತರಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿಯುತ್ತ ಸಂಜೆ ಕಾಲೇಜಿನಲ್ಲಿ ಓದಿದ್ದು. ಒಂದು ಚಳಿಗಾಲ, ಲಿಫ್ಟ್ ಕೆಟ್ಟಿದ್ದ ಕಟ್ಟಡದ ಹದಿನೇಳು ಮಹಡಿ ಹತ್ತಿ, ನೀರಿನ ಟ್ಯಾಂಕಿನೊಳಗೆ ಸತ್ತ ಪಾರಿವಾಳಗಳನ್ನು ಪತ್ತೆ ಮಾಡಿದ್ದು. ಅಲ್ಲಿನ ಮಕ್ಕಳು ತಿಂಗಳಿಂದ ವಾಂತಿಭೇದಿಯಲ್ಲಿ ನರಳುತ್ತಿದ್ದರು; ಕಾರಣ ಹುಡುಕಲು ಮೇಲೆ ಹತ್ತಿದವರು ಇವರೊಬ್ಬರೇ. ನಾನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆ.

"ಆ ಏಳು ತಿಂಗಳಿನದ್ದು ಬರೀಬೇಡಿ," ಎಂದರು ಕೃಷ್ಣವೇಣಿ. "ಗೋಪೀನಾಥ ಹಾಗೆ ಮಾಡಿಯಾನು ಅಂತ ನಾವು ಎಣಿಸಿರ್ಲಿಲ್ಲ."

"ಗೋಪೀನಾಥನಾ?"

"ನಾಮಕರಣದ ಸಂಗತಿ ಅವನೊಬ್ಬನಿಗೇ ಗೊತ್ತಿದ್ದದ್ದು," ಎಂದರು ವೇಣಣ್ಣ. "ಮಾತು ಬಿಟ್ಟು ಹತ್ತು ವರ್ಷ ಆಯ್ತು. ಎರಡು ಸಲ ಬಂದಿದ್ದ. ನಾನು ಬಾಗಿಲು ತೆಗೀಲಿಲ್ಲ."

ಇಷ್ಟು ವರ್ಷ ನಾನು ನಾಚಿಕೆಪಟ್ಟದ್ದು ಒಬ್ಬರ ವಿಷಯಕ್ಕೆ ಮಾತ್ರ. ಇನ್ನೊಬ್ಬ ನನ್ನ ತಪ್ಪು ಹೊತ್ತುಕೊಂಡು ತಿರುಗುತ್ತಿದ್ದಾನೆಂಬುದು ತಿಳಿದೇ ಇರಲಿಲ್ಲ.

"ಆ ಪತ್ರ ಬರೆದದ್ದು ನಾನು, ವೇಣಣ್ಣ."

ಕೃಷ್ಣವೇಣಿ ನನ್ನ ಮುಂದಿದ್ದ ಲೋಟ ಎತ್ತಿಕೊಂಡು ಒಳಗೆ ಹೋದರು. ಅದರಲ್ಲಿ ಇನ್ನೂ ಅರ್ಧ ಚಹಾ ಇತ್ತು.

ವೇಣಣ್ಣ ಬೈಯಲಿಲ್ಲ. "ಯಾರ ಅಡುಗೆಮನೆಯನ್ನೂ ನಾನು ಕಣ್ಣಾರೆ ನೋಡದೆ ಮುಚ್ಚಿಸ್ಲಿಲ್ಲ," ಎಂದರು. "ಅವನ ಹತ್ರ ಮಾತ್ರ ಒಂದು ಮಾತು ಕೇಳ್ಲೇ ಇಲ್ಲ." ನನ್ನ ತಪ್ಪಿಗೆ ಅವರೂ ತಲೆ ತಗ್ಗಿಸಿ ಕೂತದ್ದನ್ನು ನನಗೆ ನೋಡಲಾಗಲಿಲ್ಲ. ಆಮೇಲೆ ಎದ್ದು ಕೋಟು ಹಾಕಿಕೊಂಡರು. "ಏಳು, ಅವನ ಮನೆಗೆ ಹೋಗುವ. ನೀನೇ ಹೇಳ್ಬೇಕು."

ರೈಲಿನಲ್ಲಿ ವಿಕ್ಟೋರಿಯಾ, ಅಲ್ಲಿಂದ ನೆಲದಡಿಯ ಟ್ಯೂಬ್ ರೈಲು. ಗೋಪೀನಾಥ ಹೊಸ್ತಿಲಲ್ಲೇ ನಿಂತು ನನ್ನ ಮಾತನ್ನೆಲ್ಲ ಕೇಳಿದ. ವೇಣಣ್ಣ, "ತಪ್ಪಾಯ್ತು ಮಾರಾಯ" ಎಂದಾಗ, ಅವರ ತೋಳು ಹಿಡಿದು, "ಒಳಗೆ ಬಾ. ಮಗಳಿಗೆ ಹನ್ನೆರಡು ವರ್ಷ ಆಯ್ತು, ನೋಡು ಬಾ," ಎಂದ. ಬಾಗಿಲು ತೆರೆದೇ ಇತ್ತು, ಆದರೆ ನನ್ನನ್ನು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತು ನಿಂತು ಸ್ಟೇಷನ್ನಿನ ಕಡೆ ನಡೆದೆ.

ಸನ್ಮಾನದ ದಿನ ಲಾಂಡ್ರಿ, ಪಾರಿವಾಳ ಎಲ್ಲ ಹೇಳಿ, ಪತ್ರದ ವಿಷಯವನ್ನೂ ಬಿಡದೆ ಹೇಳಿದೆ. ಶಾಲು ಹೊದಿಸಿದ್ದು ಗೋಪೀನಾಥ. ನಾನು ಇಳಿದು ಬಂದು ಹಿಂದಿನ ಸಾಲಿನಲ್ಲಿ ಹೆಂಡತಿ ಸುಗುಣಾಳ ಪಕ್ಕ ಕೂತೆ. ಅವಳು ನನ್ನ ಕಡೆ ತಿರುಗಲಿಲ್ಲ. ಕಾರು ಹತ್ತಿದ ಮೇಲೆ ಮೆಲ್ಲಗೆ ಕೇಳಿದಳು:

"ನಾನೂ ಇದನ್ನು ಎಲ್ಲರೊಟ್ಟಿಗೆ ಕೂತೇ ಕೇಳ್ಬೇಕಿತ್ತಾ?"